ಆಯಿಯ ಉಪವಾಸ

ಅಣ್ಣಾ, ಆ ವರ್ಷ ದಶಲಕ್ಷಣ ಪರ್ವದಲ್ಲಿ ನಮ್ಮೂರ ಮುದುಕಿ ಆಯಿ ಉಪವಾಸ ಮಾಡಿದಳೆಂದು ನೀನು ಕೈಮುಗಿದೆಯಲ್ಲ, ಅದು ಆಕೆ ಹಿಡಿದ ಉಪವಾಸವಲ್ಲ. ನಾನು ಮಾಡಿಸಿದ್ದು. ಆಕೆ ನಮ್ಮ ಅಂಗಡಿಗೆ ಬಂದಿದ್ದಳು. ಬಂದೇ ಇಲ್ಲ ಎಂದು ನಿನಗೆ ಸುಳ್ಳು ಹೇಳಿದೆ.

ಇಸವಿ ಎಂಬತ್ತೇಳೋ ಎಂಬತ್ತೆಂಟೋ ಇರಬೇಕು. ಕಾಗವಾಡದ ನಮ್ಮ ಕಿರಾಣಿ ಅಂಗಡಿಯಲ್ಲಿ ನಾವಿಬ್ಬರೇ. ಬೆಲ್ಲ ತೂಗುತ್ತಲೇ ನೀನು ಒಬ್ಬನ ಎಮ್ಮೆ ಈಯಿತೇ ಎಂದು ಕೇಳುವೆ, ಪೊಟ್ಟಣಕ್ಕೆ ದಾರ ಸುತ್ತುತ್ತಲೇ ಇನ್ನೊಬ್ಬಳ ಮಗಳ ಬಾಣಂತನ ವಿಚಾರಿಸುವೆ. ಯಾರೂ ಕಾಯುತ್ತಿರಲಿಲ್ಲ, ಯಾರೂ ಮುಖ ಸಣ್ಣ ಮಾಡಿಕೊಂಡು ಹೋಗುತ್ತಿರಲಿಲ್ಲ. ಅದು ಹೇಗೆ ಸಾಧ್ಯವಾಗುತ್ತಿತ್ತೋ — ಇವತ್ತಿಗೂ ನನಗೆ ಬೆರಗು. ನನಗೆ ಕೈ ಮಾತ್ರ ಓಡುತ್ತಿತ್ತು. "ಬಾಯಿಗಿ ಹೊಲಿಗಿ ಹಾಕ್ಕೊಂಡ ಕುಂತಿಯೇನಲೇ? ಮಂದಿ ಬರೇ ಸಾಮಾನಕ್ಕ ಬರಂಗಿಲ್ಲ, ನಾಕ ಮಾತಿಗೂ ಬರ್ತಾರ" ಎಂದು ನೀನು ಬೈದದ್ದು ನನ್ನ ಹೊಟ್ಟೆಯಲ್ಲಿ ಕೂತಿತ್ತು.

ಮಾಲು ತರಲು ಮಿರಜಿಗೆ ಹೊರಟಾಗ ನೀನು ಹೇಳಿದ್ದೆ: "ಆಯಿ ಬಂದ್ರ ಮೊದಲ ಆಕಿಗಿ ಕೊಡು. ಹೊತ್ತ ಮುಳುಗೂದ್ರಾಗ ಉಣಬೇಕು ಆಕಿ."

ಹೇಳಬೇಕಾಗಿತ್ತೇ? ನಾವೂ ಜೈನರೇ. ಹೊತ್ತು ಮುಳುಗಿದ ಮೇಲೆ ಆಕೆ ಅಗುಳು ಮುಟ್ಟುವುದಿಲ್ಲವೆಂದು ನನಗೂ ಗೊತ್ತಿತ್ತು. ಪರ್ವದ ಆ ಹತ್ತು ದಿನವೂ ದಿನಕ್ಕೆ ಒಂದೇ ಊಟ. ನಾಳೆಗೆಂದು ಮನೆಯಲ್ಲಿ ಕಾಳು ಇಡಬಾರದೆಂಬ ನೇಮ ಬೇರೆ. ಹಗಲೆಲ್ಲ ಬಸದಿಯಲ್ಲಿ ಕೂತು, ಇಳಿಹೊತ್ತಿಗೆ ನಮ್ಮಲ್ಲಿ ಬಂದು, ಹಿಡಿ ಅಕ್ಕಿ, ಹಿಡಿ ಹೆಸರುಬೇಳೆ ಒಯ್ದು ಬೇಯಿಸಿಕೊಳ್ಳುವಳು. ಎಪ್ಪತ್ತು ದಾಟಿದ ಒಂಟಿ ಜೀವ. ನಮ್ಮ ಅಂಗಡಿ ಬಿಟ್ಟು ಇನ್ನೊಂದರ ಮೆಟ್ಟಿಲು ಹತ್ತಿದವಳಲ್ಲ.

ಅವತ್ತು ಆಕೆ ಬಂದಾಗ ಐನಾಪುರದ ದ್ರಾಕ್ಷಿ ತೋಟದ ಗೌಡರು ಅಂಗಡಿಯಲ್ಲಿ ಕೂತಿದ್ದರು. ನನಗೋ ಮಾತಿನ ಹುಮ್ಮಸ್ಸು, ಅಣ್ಣನಿಗಿಂತ ನಾನೇನು ಕಡಿಮೆ ಎಂಬ ಕೊಬ್ಬು. ಚಹಾ ತರಿಸಿದೆ. ಬಳ್ಳಿಯ ರೋಗ, ಸಾಂಗಲಿ ಪೇಟೆಯ ದರ, ಅವರ ಬೀಗರ ಜಗಳ — ಒಂದೇ, ಎರಡೇ! ಗೌಡರು ನಕ್ಕಷ್ಟೂ ನಾನು ಉಬ್ಬಿದೆ.

"ತಮ್ಮಾ, ಹೊತ್ತ ಇಳ್ಯಾಕತ್ತೈತಿ" ಎಂದಳು ಆಯಿ.

"ಒಂದ ನಿಮಿಷ ಆಯಿ" ಎಂದೆ.

ಎರಡು ಸಲ ಅಂದೆ. ಮೂರು ಸಲವೋ... ಆಕೆ ನಿಂತೇ ಇದ್ದಳು. ಎರಡು ಹಿಡಿ ಕಾಳು ತೂಗಲು ಎಷ್ಟು ಹೊತ್ತು ಬೇಕು? ಮಾತಾಡುತ್ತಲೇ ತೂಗಬಹುದಿತ್ತು, ನೀನಾಗಿದ್ದರೆ ತೂಗಿರುತ್ತಿದ್ದೆ. ಗೌಡರು ಎದ್ದ ಮೇಲೆ ನೋಡುತ್ತೇನೆ, ರಸ್ತೆಯ ಮೇಲಿನ ಬಿಸಿಲು ಹೋಗಿಬಿಟ್ಟಿದೆ. ಗಡಬಡಿಸಿ ಅಕ್ಕಿಗೆ ಕೈ ಹಾಕಿದೆ.

"ಇರ್ಲಿ ಬಿಡಪಾ, ಇನ್ನ ನಾಳಿಗೇ" ಎಂದು ಖಾಲಿ ಚೀಲ ಮಡಿಚಿಕೊಂಡು ಹೊರಟಳು. ಹಿಂದಿನ ದಿನ ಉಂಡವಳಿಗೆ ಇನ್ನು ಮರುದಿನ ಇಳಿಹೊತ್ತಿನ ತನಕ ಊಟವಿರಲಿಲ್ಲ.

ಬೆಳಿಗ್ಗೆ ಮಿರಜಿನಿಂದ ಬಂದವನೇ ನೀನು ಆಯಿಯ ಸುದ್ದಿ ಕೇಳಿದೆ. "ಬಂದೇ ಇಲ್ಲಣ್ಣಾ" ಎಂದೆ ನಾನು. ನಾಲಗೆ ತಡವರಿಸಲೂ ಇಲ್ಲ.

ಮಧ್ಯಾಹ್ನ ಕಳೆದ ಮೇಲೆ ಆಕೆ ಬಂದಳು, ಬಾಗಿಲ ಚೌಕಟ್ಟು ಹಿಡಿದು. "ನಿನ್ನಿ ಬರಲಿಲ್ಲಂತಲ್ಲ ಆಯಿ?" ಎಂದು ನೀನು ಕೇಳಿದೆ. ಆಕೆ ಸುಳ್ಳು ಹೇಳುವವಳಲ್ಲ. ನನ್ನನ್ನೊಮ್ಮೆ ನೋಡಿದಳು. "ನಿನ್ನಿ ನಂದ ಉಪಾಸ ಆತಪಾ" ಎಂದಳು.

ಅಷ್ಟೇ. ಸುಳ್ಳೂ ಅಲ್ಲ, ನನ್ನ ಮೇಲಿನ ದೂರೂ ಅಲ್ಲ. ಅಬ್ಬಾ, ಆ ಹಸಿವಿನಲ್ಲೂ ನನ್ನ ಮಾನ ಕಾಯಬೇಕೆಂದು ಆಕೆಗೆ ತೋಚಿತಲ್ಲ! "ಕೈ ಮುಗೀಲೇ, ಈ ವಯಸ್ಸಿನ್ಯಾಗ ಉಪಾಸ ಅಂದ್ರ ಸಣ್ಣದಲ್ಲ" ಎನ್ನುತ್ತ ನೀನು ಕೈಮುಗಿದೆ. ನಾನೂ ಮುಗಿದೆ. ತಲೆ ಎತ್ತಲಿಲ್ಲ, ನೀನು ಅದನ್ನು ಭಕ್ತಿ ಎಂದುಕೊಂಡೆ.

ಆಯಿ ತೀರಿಕೊಂಡು ಬಹಳ ವರ್ಷವಾಯಿತು. ಹೇಳಲು ನನಗೆ ಒಂದು ದಿನ ಸಿಕ್ಕಿತ್ತು, ಅದನ್ನೂ ಕಳೆದುಕೊಂಡೆ. ಪರ್ವ ಮುಗಿದು ಕ್ಷಮಾವಾಣಿ ಬಂತು. ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ. ನೀನು ಒಳಗೆ ಸಾಮಾನು ತೆಗೆಯುತ್ತಿದ್ದೆ. ಅಂಗಡಿಯ ಮುಂದೆ ಗಿರಾಕಿಗಳ ಸಾಲು. ಹೋಗಿ ಆಕೆಯ ಕಾಲು ಹಿಡಿಯಬೇಕಾದವನು ನಾನು — ಆದರೆ ಆಯಿಯೇ ಸಾಲಿನಲ್ಲಿ ನಿಂತು ನನ್ನ ಮುಂದೆ ಬಂದಳು. ಏನೂ ಕೊಳ್ಳಲಿಲ್ಲ. ಎರಡೂ ಕೈ ಜೋಡಿಸಿದಳು.

"ಅವತ್ತ ನಿನ್ನ ಮ್ಯಾಲ ನನಗ ಭಾಳ ಸಿಟ್ಟ ಬಂದಿತ್ತಪಾ ತಮ್ಮಾ. ಮನಸಿನ್ಯಾಗ ಬೈದೆ. ಕ್ಷಮಾ ಮಾಡು."

ಹೇಳಬೇಕಾದದ್ದೆಲ್ಲ ಬಾಯಿಯ ತನಕ ಬಂತು. ಹಿಂದೆ ನಿಂತ ಜನ, ಒಳಗಿದ್ದ ನೀನು...

"ಆತ ಬಿಡ್ರಿ ಆಯಿ, ಕ್ಷಮಾ ಮಾಡೇನಿ" ಎಂದೆ. ಹಾಗೆಂದವನೇ ಆಕೆಯ ಹಿಂದೆ ನಿಂತಿದ್ದವನ ಚೀಟಿಗೆ ಕೈ ಚಾಚಿದೆ.