ಎಡಗಡೆಯ ಮುಂದಿನ ಚಕ್ರ

ನಮ್ಮಮ್ಮನಿಗೆ ಬಲಗಿವಿ ಮಂದ. ಕಾರಿನಲ್ಲಿ ನನ್ನ ಪಕ್ಕ ಕೂತರೆ ಆ ಕಿವಿಯೇ ನನ್ನ ಕಡೆಗಿರುತ್ತದೆ. ನಾನು ಏನು ಹೇಳಿದರೂ "ಆಂ?" ಅನ್ನುತ್ತಾಳೆ, ನಾನು ರೇಗುತ್ತೇನೆ. ಕಿಟಕಿಯ ಕಡೆಗಿರುವ ಎಡಗಿವಿ ಬಲು ಚುರುಕು. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲವಲ್ಲ ಎಂದು ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹೊಸೂರಿನ ಕಾರ್ಖಾನೆಯೊಂದರಲ್ಲಿ ನಾನು ಕ್ವಾಲಿಟಿ ನೋಡುವವನು. ತಯಾರಾದ ಬಿಡಿಭಾಗ ಸರಿಯಿದೆಯೋ ಇಲ್ಲವೋ ಹೇಳುವುದೇ ನನ್ನ ಕೆಲಸ, ಅದರ ಜಂಬವೂ ಉಂಟು. ನಾಟ್ರಾಂಪಾಳ್ಯದ ದೊಡ್ಡಮ್ಮನನ್ನು ನೋಡಲು ಹೊರಟ ದಿನ, ಅವಲಪಲ್ಲಿಯ ನಮ್ಮ ಬೀದಿ ದಾಟುವ ಮೊದಲೇ ಅಮ್ಮ ಶುರು ಮಾಡಿದಳು.

"ಲೋ, ನನ್ ಕಾಲಡಿ ಚಕ್ರ ಕಿರ್ ಅಂತೈತೆ ಕಣ್ಲಾ."

"ನಾನ್ ಕೂಗಿದ್ರೆ ಕೇಳಲ್ಲ, ಚಕ್ರ ಕೂಗಿದ್ರೆ ಕೇಳ್ತದಾ ನಿಂಗೆ?"

ಹಿಂದೆ ಕೂತಿದ್ದ ಹೆಂಡತಿ ನಕ್ಕಳು. ಅಮ್ಮನ ತೊಡೆಯ ಮೇಲಿದ್ದ ಮಗಳೂ ನಕ್ಕಳು. ಆದರೂ ಇಳಿದು, ಚಕ್ರದ ಸಂದಿಗಳಲ್ಲಿ ಮೊಬೈಲ್ ಬೆಳಕು ಬಿಟ್ಟು ಬ್ರೇಕ್ ಪ್ಯಾಡ್ ನೋಡಿದೆ. ಎಲ್ಲವೂ ಸವೆಯದೆ ದಪ್ಪಗಿದ್ದವು. "ಓಕೆ" ಎಂದು ಕಾರ್ಖಾನೆಯ ಗತ್ತಿನಲ್ಲೇ ಹೇಳಿ ಹೊರಟೆ.

ಅಂಚೆಟ್ಟಿಯ ಘಾಟ್ ಇಳಿದ ಮೇಲೆ ಮುನೇಶ್ವರನ ಗುಡಿಯ ಬಳಿ ಕರ್ಪೂರ ಹಚ್ಚಲು ನಿಲ್ಲಿಸಿದೆವು. ಅಮ್ಮ ಕಾಲು ತೊಳೆದು, ಬಾಟಲಿಯಲ್ಲಿ ಉಳಿದ ನೀರನ್ನು ಒಂದೊಂದು ಚಕ್ರದೊಳಕ್ಕೂ ಚಿಮುಕಿಸಿದಳು. ದೋಸೆ ಹಂಚು ಕಾದಿದೆಯೇ ಎಂದು ನೋಡುವುದೂ ಹೀಗೆಯೇ. ಎಡಗಡೆಯ ಮುಂದಿನ ಚಕ್ರ ಚುಯ್ ಅಂತು. ಉಳಿದವು ಸುಮ್ಮನಿದ್ದವು.

"ದೋಸೆ ಹುಯ್ಯಮ್ಮ, ಚಟ್ನಿ ಮನೆಯಿಂದ ತರ್ತೀನಿ" ಎಂದೆ. ಗುಡಿಯ ಮುಂದಿದ್ದವರೆಲ್ಲ ನಕ್ಕರು.

ಮತ್ತೆ ಹೊರಟಾಗ ಅಮ್ಮ ನನ್ನ ಮಗಳನ್ನು ತೊಡೆಯ ಮೇಲೆ ಹತ್ತಿಸಿಕೊಳ್ಳಲಿಲ್ಲ. "ಮಂಡಿ ನೋಯ್ತದೆ, ಹಿಂದ್ಕೋಗವ್ವ" ಎಂದಳು. ಮಗಳು ಅತ್ತಳು. "ಈಗ ಮೊಮ್ಮಗಳೂ ಭಾರವಾದ್ಲಾ?" ಎಂದು ನಾನು ಚುಚ್ಚಿದೆ. ಹೋಗುವಾಗಲೂ ಬರುವಾಗಲೂ ಅಮ್ಮ ಬಾಗಿಲ ಹಿಡಿಯನ್ನು ಬಿಗಿಹಿಡಿದು ಕೂತಿದ್ದಳು.

ಮುಂದಿನ ಭಾನುವಾರ ಆ ಸದ್ದು ನನ್ನ ಕಿವಿಗೂ ಬಿತ್ತು. ಮನೆಯ ಮುಂದೆ ಜಾಕ್ ಕೊಟ್ಟು ಎಡಗಡೆಯ ಮುಂದಿನ ಚಕ್ರವನ್ನು ಬಿಚ್ಚಿದೆ. ಹೊರಗಿನ ಪ್ಯಾಡ್ ನಾನು ನೋಡಿದಂತೆಯೇ ದಪ್ಪಗಿತ್ತು. ಆದರೆ ಚಕ್ರಕ್ಕೆ ಎರಡು ಪ್ಯಾಡ್, ಒಳಗಿನದು ಹೊರಗಿನಿಂದ ಕಾಣುವುದಿಲ್ಲ. ಅದು ತಗಡಿನ ತನಕ ಸವೆದು, ಚಕ್ರದ ಜೊತೆ ತಿರುಗುವ ಡಿಸ್ಕನ್ನೇ ಕೆರೆದು ಗೀರು ಮಾಡಿತ್ತು. ಗುಡಿಯ ಬಳಿ ಆ ಚಕ್ರವೊಂದೇ ಕಾದು ಚುಯ್ ಅಂದದ್ದು ಅದಕ್ಕೇ. ಕಾರ್ಖಾನೆಯಲ್ಲಿ ಒಂದು ಭಾಗವನ್ನೂ ತಿರುಗಿಸಿ ಹಿಂಬದಿ ನೋಡದೆ ಬಿಡದವನು ನಾನು. ಮನೆಯವರನ್ನೆಲ್ಲ ಕೂರಿಸಿಕೊಂಡು ಘಾಟ್ ಇಳಿಯುವ ದಿನ ಹೊರಗಿನದಷ್ಟನ್ನೇ ನೋಡಿ ಓಕೆ ಅಂದಿದ್ದೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಹೊಸ ಪ್ಯಾಡ್ ಹಾಕಿಸಿ ಬಂದ ಸಂಜೆ ಅಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಈ ಸಲ ಅವಳ ಎಡಗಡೆ ಹೋಗಿ ಕೂತೆ.

"ಮಂಡಿ ನೋವಲ್ಲ ಅಲ್ವಾ ಅವತ್ತು? ಚಕ್ರದ ಭಯಕ್ಕೆ ಪಾಪೂನ ಹಿಂದಕ್ಕೆ ಕಳಿಸ್ದೆ."

"ಹೂಂ."

"ಮತ್ತೆ ನೀನ್ಯಾಕೆ ಅಲ್ಲೇ ಕೂತೆ? ನೀನೂ ಹಿಂದಕ್ಕೆ ಹೋಗ್ಬೋದಿತ್ತಲ್ಲ."

ಅಮ್ಮ ಕಾಯಿಯಿಂದ ಕಣ್ಣು ಎತ್ತಲಿಲ್ಲ.

"ನೀನು ಮುಂದೆ ಇದ್ಯಲ್ಲ ಕಣ್ಲಾ" ಎಂದಳು.