ಅತ್ತೆಯ ಕಣತಲೆ

ನಮ್ಮ ಅತ್ತೆಗೆ ಲಕ್ವಾ ಹೊಡೆದದ್ದು ತೊಂಬತ್ತರ ದಶಕದ ಆರಂಭದಲ್ಲಿ, ದ್ರಾಕ್ಷಿ ಕಟಾವು ಮುಗಿದ ವಾರ. ಎಡಗೈ, ಎಡಗಾಲು ಬಿದ್ದವು, ಮಾತು ತೊದಲಿತು. ಅಥಣಿ ಕಡೆಯ ನಮ್ಮ ಹಳ್ಳಿಯಿಂದ ಮಿರಜಿಗೆ ಒಯ್ದು ತಲೆಯ ಸ್ಕ್ಯಾನ್ ಮಾಡಿಸಿದೆವು. ಕೆಲವು ದಿನ ಇಟ್ಟುಕೊಂಡು, ಜೀವಕ್ಕೆ ಅಪಾಯವಿಲ್ಲ ಎಂದು ಫಿಲ್ಮನ್ನು ಕೈಗಿಟ್ಟು ಮನೆಗೆ ಕಳಿಸಿದರು.

ಮನೆಗೆ ಬಂದ ಮೇಲೆ ಊರವರ ವೈದ್ಯ ಶುರುವಾಯಿತು. ನೋಡಲು ಬಂದವರೆಲ್ಲ ಒಂದೊಂದು ಪಥ್ಯ ಹೇಳಿ, ಚಹಾ ಕುಡಿದು ಹೋದರು. ಲಕ್ವಾ ಎಂದರೆ ವಾಯುವಿನ ಬೇನೆ. ಬೇಳೆ ಬೇಡ, ಕಡಲೆ ಬೇಡ, ಶೇಂಗಾ ಬೇಡ, ಮೊಸರಂತೂ ವಿಷ. ಉಳಿದದ್ದು ನುಚ್ಚಿನ ತಿಳಿಗಂಜಿ. ನಾನು ರಾಯಬಾಗದಲ್ಲಿ ಮ್ಯಾಟ್ರಿಕ್ ಮುಗಿಸಿ ಬಂದ ಸೊಸೆ, ಏನು ಮಾಡಿದರೂ ಕಟ್ಟುನಿಟ್ಟು. ಅತ್ತೆ ತೊದಲುತ್ತ "ಜುಣಕಾ, ಜುಣಕಾ" ಎಂದು ಕಡಲೆಹಿಟ್ಟಿನ ಪಲ್ಯ ಬೇಡಿದರೆ, "ಮದ್ಲ ಆರಾಮ ಆಗ್ರಿ ಅತ್ತಿ, ಆಮ್ಯಾಲ ನೋಡೂಣು" ಎಂದು ಗಂಜಿಯ ಚಮಚ ಬಾಯಿಗಿಡುತ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬಂತೆ ಮೈಗೆ ಮಾತ್ರ ದಿನಾ ಎಣ್ಣೆ ತಿಕ್ಕುತ್ತಿದ್ದೆವು.

ಮೂರು ತಿಂಗಳಿಗೆ ಅವರು ಗೋಡೆಗೆ ಆನಿಸಿ ಕೂರಿಸಿದರೂ ಜಾರತೊಡಗಿದರು. ಗಟ್ಟಿಯಿದ್ದ ಬಲಗೈಯ ಬಳೆಗಳೂ ಮೊಣಕೈವರೆಗೆ ಸರಿದವು. ಬೇನೆ ಬಲಕ್ಕೂ ಏರುತ್ತಿದೆ, ಇನ್ನು ಉಳಿಯುವುದಿಲ್ಲ ಎಂದುಕೊಂಡೆವು. ಜಗಳಗಂಟಿ ಅತ್ತೆಯೇ ಹೌದು, ಆದರೆ ಆ ಮನೆಯಲ್ಲಿ ನನ್ನ ಪರವಾಗಿ ಜಗಳಕ್ಕೆ ನಿಲ್ಲುತ್ತಿದ್ದವರೂ ಅವರೊಬ್ಬರೇ.

ಚಿಕ್ಕೋಡಿಯಲ್ಲಿ ವಯಸ್ಸಾದ ಡಾಕ್ಟರೊಬ್ಬರಿದ್ದರು. ಬಾಡಿಗೆ ಜೀಪಿನಲ್ಲಿ ಅಲ್ಲಿಗೆ ಒಯ್ದೆವು. ಅವರು ಕೈಕಾಲು ನೋಡಿದರು. ಆಮೇಲೆ ಎರಡೂ ಹೆಬ್ಬೆರಳುಗಳನ್ನು ಕಣ್ಣು-ಕಿವಿಗಳ ನಡುವೆ, ಅತ್ತೆಯ ಕಣತಲೆಗಳ ಮೇಲಿಟ್ಟು, "ಆಯಿ, ಹಲ್ಲು ಕಚ್ಚ್ರಿ" ಎಂದರು. ಅತ್ತೆ ಕಚ್ಚಿದರು. ನಂತರ ಮಿರಜಿನ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಮೆದುಳನ್ನು ಬಿಟ್ಟು, ತಲೆಬುರುಡೆಯ ಹೊರಗಿದ್ದ ಬೂದು ಪಟ್ಟಿಯ ಮೇಲೆ ಅಳತೆಪಟ್ಟಿ ಇಟ್ಟರು.

"ಇದು ಅಗಿಯೂ ಸ್ನಾಯು. ಬ್ಯಾನಿ ಬಂದಾಗ ಚಲೋ ದಪ್ಪ ಇತ್ತು. ಈಗ ಬೆರಳಿಗೆ ಬರೇ ಎಲುಬು ಹತ್ತತೈತಿ, ಎರಡೂ ಕಡೆ," ಎಂದು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. "ಲಕ್ವಾ ಹೊಡದಿದ್ದು ಎಡಕ್ಕ. ಮತ್ತ ಬಲಗಡೆ ಮಾಂಸ ಯಾಕ ಕರಗಬೇಕು? ಊಟಕ್ಕ ಏನ ಕೊಡ್ತೀರಿ?"

"ಗಂಜಿರಿ," ಎಂದೆ.

"ಗಂಜಿ, ಮತ್ತ?"

ಮತ್ತೇನೂ ಇರಲಿಲ್ಲ. ಅವರು ಚಮಚದಿಂದ ಸ್ವಲ್ಪ ಸ್ವಲ್ಪವೇ ನೀರು ಕುಡಿಸಿ ನೋಡಿದರು. ಅತ್ತೆ ಕೆಮ್ಮದೆ ನುಂಗಿದರು.

"ಬ್ಯಾನಿ ಏರಿಲ್ಲ ತಂಗಿ. ಹೊಟ್ಟಿಗಿಲ್ಲದ ಸೊರಗ್ಯಾರ. ಮೆತ್ತಗ ಮಾಡಿ ಎಲ್ಲಾ ಕೊಡ್ರಿ."

ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ದೊಡ್ಡದೊಂದು ಸಮಾಧಾನ ಬಂತು. ಹಸಿವಿಗೆ ಔಷಧಿ ನಮ್ಮ ಅಡುಗೆಮನೆಯಲ್ಲೇ ಇತ್ತು. ಜೀಪಿನಲ್ಲಿ ನಾನು ಅಳುತ್ತಲೇ ನಕ್ಕೆ. "ನಿನಗೇನ ಹಿಡೀತು?" ಎಂದು ಮನೆಯವರು ಗಾಬರಿಯಾದರು.

ಅಂದಿನಿಂದ ಜುಣಕಾ, ಮೊಸರು, ಬೇಳೆ, ಹಾಲಿನಲ್ಲಿ ನೆನೆಸಿದ ರೊಟ್ಟಿ. ಜೊತೆಗೆ ಡಾಕ್ಟರರು ಹೇಳಿಕೊಟ್ಟ ಕೈಕಾಲಿನ ವ್ಯಾಯಾಮ. ವಾರಕ್ಕೊಮ್ಮೆ ನಾನೂ ಹೆಬ್ಬೆರಳನ್ನು ಕಣತಲೆಯ ಮೇಲಿಟ್ಟು ಹಲ್ಲು ಕಚ್ಚಲು ಹೇಳುತ್ತಿದ್ದೆ. ಮೊದಮೊದಲು ಬರೀ ಎಲುಬೇ ಸಿಗುತ್ತಿತ್ತು. "ಏನ ಬೇ, ಎಮ್ಮಿ ಕೊಳ್ಳಾಕ ಬಂದಂಗ ಹಿಚುಕಿ ನೋಡ್ತಿ" ಎಂದು ಅವರು ಬೈದ ವಾರ ಬೆರಳ ಕೆಳಗೆ ಏನೋ ಉಬ್ಬಿ ಇಳಿಯಿತು. ಬೈಗುಳವೂ ಸ್ಪಷ್ಟವಾಗಿತ್ತು. ನನಗೆ ಎರಡೂ ಸಂತೋಷವೇ.

ದೀಪಾವಳಿ ಹೊತ್ತಿಗೆ ಗೋಡೆ ಹಿಡಿದು ಒಲೆಯವರೆಗೆ ನಡೆದು ಬಂದರು. ನನ್ನ ಪಕ್ಕ ಕುಳಿತು ಒಣಗಿ ಗಟ್ಟಿಯಾದ ಕಟಕ ರೊಟ್ಟಿ ಮುರಿದು ಅಗಿಯತೊಡಗಿದರು. ಎಷ್ಟೋ ದಿನದಿಂದ ಗಂಟಲಲ್ಲಿದ್ದದ್ದನ್ನು ಆಗ ಹೇಳಿದೆ. "ತಪ್ಪಾತ್ರಿ ಅತ್ತಿ. ನಿಮ್ಮನ್ನ ನಾನ ಉಪಾಸ ಕೆಡವಿದ್ದೆ."

ಅವರು ಅಗಿಯುವುದನ್ನು ನಿಲ್ಲಿಸಲಿಲ್ಲ. "ನಾ ಸತ್ತಿದ್ರ ಲಕ್ವಾದ ಮ್ಯಾಲ ಹಾಕಿ ಆರಾಮ ಇರ್ತಿದ್ರಿ ಎಲ್ಲಾರೂ," ಎಂದರು. ಆಮೇಲೆ ಇನ್ನೊಂದು ರೊಟ್ಟಿ ಕೇಳಿದರು.