ಬಾಯಿ ನೋಡುವ ದಲ್ಲಾಳಿ

ಕುಷ್ಟಗಿ ದನದ ಸಂತೆಯ ದಲ್ಲಾಳಿ ಗಿಡ್ಡಪ್ಪ ಎತ್ತಿನ ತುಟಿ ಸರಿಸಿದನೆಂದರೆ ಸುತ್ತ ನಿಂತವರೆಲ್ಲ ಕತ್ತು ಚಾಚುತ್ತಾರೆ. ಹಲ್ಲು ನೋಡಿ ವಯಸ್ಸು ಹೇಳುವವರು ಬಹಳ ಮಂದಿ. ಇವನು ಬಿಳಿಚಿದ ಒಸಡು ನೋಡಿ, ‘ಹೊಟ್ಟ್ಯಾಗ ಹುಳ ಅದಾವ್ರಿ, ಮೊದ್ಲ ಔಷಧ ಹಾಕ್ರಿ’ ಎನ್ನುತ್ತಾನೆ, ಹುಳ ಇದ್ದೇ ಇರುತ್ತವೆ. ಅವನೆದುರು ಆಕಳಿಸಲು ಇಡೀ ಸಂತೆಯೇ ಹೆದರುತ್ತದೆ. ಎರಡು ವರ್ಷದ ಹಿಂದೆ ಹೆಂಡತಿ ದುರಗಮ್ಮನ ಒಸಡಿನಲ್ಲಿ ರಕ್ತ, ಬಾವು ಕಂಡು, ‘ಮೈಯಾಗ ಬ್ಯಾರೆ ಏನೋ ಐತಿ, ನಡಿ ದವಾಖಾನಿಗೆ’ ಎಂದು ಕೊಪ್ಪಳಕ್ಕೆ ಕರೆದೊಯ್ದವನೂ ಇವನೇ. ತಪಾಸಣೆಯಲ್ಲಿ ಸಕ್ಕರೆ ಕಾಯಿಲೆ ಹೊರಬಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಬಾಗಿಲ ಬೆಳಕಿನಲ್ಲಿ ಅವಳ ಗದ್ದ ಹಿಡಿದು ನೋಡುತ್ತಾನೆ. ‘ಎಷ್ಟೊತ್ತ ನೋಡ್ತೀರಿ, ನಾ ಏನ್ ಎತ್ತೇನ್ರಿ?’ ಎಂದು ಅವಳು ಗದ್ದ ಬಿಡಿಸಿಕೊಂಡು ನಗುತ್ತಾಳೆ. ಎತ್ತಿಗೆ ಒಂದೇ ನೋಟ ಸಾಕೆನ್ನುವ ಗಿಡ್ಡಪ್ಪನಿಗೆ ಅವಳ ಬಾಯಿಯನ್ನು ಎರಡನೇ ಸಲ ನೋಡದೆ ಸಂತೆಗೆ ಹೊರಡುವ ಧೈರ್ಯ ಬರುವುದಿಲ್ಲ.